ಹೆಪ್ಪಾಗದ ಹಾಲು ಹೇಳಿದ ಪಾಠ

ಒಂದು ದಿನ ನಮ್ಮ ಮನೆಯಲ್ಲಿ ಹಾಲು ಹೆಪ್ಪಾಗಲಿಲ್ಲ. ಹಿಂದಿನ ರಾತ್ರಿ ಎಂದಿನಂತೆ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಮುಚ್ಚಿಟ್ಟಿದ್ದರು. ಬೆಳಗ್ಗೆ ತಟ್ಟೆ ತೆಗೆದು ನೋಡಿದರೆ ಹಾಲು ಹಾಲಾಗಿಯೇ ಇತ್ತು. "ಹೆಪ್ಪು ಕೆಟ್ಟಿರಬೇಕು ಕಣ್ರೀ" ಎಂದು ನನ್ನಾಕೆ ಪಕ್ಕದ ಮನೆಯಿಂದ ಒಂದಿಷ್ಟು ಮೊಸರು ತಂದು ಮತ್ತೆ ಹೆಪ್ಪು ಹಾಕಿದಳು. ಸಂಜೆಯಾದರೂ ಅದೇ ಕಥೆ. ಅದೇ ಮೊಸರಿನಿಂದ ಪಕ್ಕದ ಮನೆಯವರು ಹಾಕಿದ ಹೆಪ್ಪು ಮಾತ್ರ ಚೆನ್ನಾಗಿ ಗಟ್ಟಿಯಾಗಿತ್ತು. ಅಂದಮೇಲೆ ದೋಷ ಹೆಪ್ಪಿನದಲ್ಲ, ಹಾಲಿನದು.

ಮೊಸರು ಮಾಡುವುದೆಂದರೆ ನಮ್ಮ ಹೆಣ್ಣುಮಕ್ಕಳು ದಿನವೂ ನಡೆಸುವ ಬ್ಯಾಕ್ಟೀರಿಯಾ ಕೃಷಿ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತವೆ. ಆ ಹುಳಿಗೆ ಹಾಲಿನ ಪ್ರೋಟೀನು ಗಟ್ಟಿಯಾಗಿ ಮೊಸರಾಗುತ್ತದೆ. ಹಾಲು ಹಾಗೆಯೇ ಉಳಿಯಿತೆಂದರೆ ಅದರೊಳಗೆ ಏನೋ ಒಂದು ಕುಳಿತು ಈ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಿದೆ ಎಂದೇ ಅರ್ಥ. ಆಗ ನನಗೆ ತಟ್ಟನೆ ನೆನಪಾಯಿತು. ಮೂರು ದಿನದಿಂದ ನಮ್ಮ ಕಪಿಲೆಯ ಒಂದು ಮೊಲೆಗೆ ಕೆಚ್ಚಲುಬಾವಿನ ಔಷಧ ಏರಿಸುತ್ತಿದ್ದೆವು. ಆ ಔಷಧ ಒಂದು ಆಂಟಿಬಯಾಟಿಕ್. ಬಾವು ಬಂದ ಮೊಲೆಯ ಹಾಲನ್ನು ಚೆಲ್ಲಿ, ಉಳಿದ ಮೂರು ಮೊಲೆಗಳ ಹಾಲನ್ನು ಮನೆಗೆ ಬಳಸುತ್ತಿದ್ದೆ. ಔಷಧ ರಕ್ತದೊಳಗೆ ಸೇರಿ ಉಳಿದ ಮೊಲೆಗಳ ಹಾಲಿಗೂ ಬರುತ್ತದೆ, ಹಾಲು ಕಾಯಿಸಿದರೂ ಪೂರ್ತಿ ನಾಶವಾಗುವುದಿಲ್ಲ ಎಂಬುದನ್ನು ಮರೆತಿದ್ದೆ. ನಾಚಿಕೆಯಿಂದಲೇ ಹೇಳುತ್ತೇನೆ, ಆ ಹಾಲಿನಲ್ಲಿ ಸ್ವಲ್ಪವನ್ನು ಡೇರಿಗೂ ಹಾಕಿದ್ದೆ. ಔಷಧದ ಚೀಟಿಯ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂದು ಸ್ಪಷ್ಟವಾಗಿ ಬರೆದಿತ್ತು. ಮಕ್ಕಳಿಗೆ "ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ" ಎಂದು ಹೇಳುತ್ತಾ ಬಂದ ಮೇಷ್ಟರು ಚೀಟಿಯನ್ನೇ ಓದಿರಲಿಲ್ಲ.

ಮರುದಿನ ಪಶುವೈದ್ಯರು ಬಂದರು. ಕಪಿಲೆಯ ಕೆಚ್ಚಲನ್ನು ಮುಟ್ಟಿ ನೋಡಿ ಕೇಳಿದರು:

"ಮೇಷ್ಟ್ರೇ, ಎರಡು ಹಸುಗಳಲ್ಲಿ ಯಾವುದನ್ನ ಮೊದಲು ಕರೀತೀರಿ?"

"ಗೌರಿಯನ್ನ ಡಾಕ್ಟರೇ. ಹಳೇ ಹಸು, ಬೇಗ ಸೊರ ಬಿಡುತ್ತೆ. ಆಮೇಲೆ ಕಪಿಲೆ."

"ನಡುವೆ ಕೈ ತೊಳೀತೀರಾ?"

ನಾನು ಉತ್ತರಿಸಲಿಲ್ಲ. ಅವರು ಚೀಲದಿಂದ ನಾಲ್ಕು ಬಟ್ಟಲುಗಳಿರುವ ಒಂದು ಹಲಗೆಯನ್ನು ತೆಗೆದರು. ಗೌರಿಯ ಒಂದೊಂದು ಮೊಲೆಯ ಹಾಲನ್ನೂ ಒಂದೊಂದು ಬಟ್ಟಲಿಗೆ ಹಿಂಡಿ, ಅದಕ್ಕೆ ಯಾವುದೋ ದ್ರಾವಣ ಸೇರಿಸಿ ಮೆಲ್ಲಗೆ ಆಡಿಸಿದರು. ಮೂರು ಬಟ್ಟಲುಗಳಲ್ಲಿ ಹಾಲು ನೀರಿನಂತೆ ಓಡಾಡುತ್ತಿತ್ತು. ನಾಲ್ಕನೆಯದರಲ್ಲಿ ಅದು ಗಂಜಿಯಂತೆ ಮಂದವಾಗಿ ಲೋಳೆಗಟ್ಟಿತು. ಗೌರಿ ನೋಡಲು ಆರೋಗ್ಯವಾಗಿಯೇ ಇದ್ದಳು. ಮೇವು ತಿನ್ನುತ್ತಿದ್ದಳು, ಹಾಲಿನ ಬಣ್ಣದಲ್ಲೂ ವ್ಯತ್ಯಾಸವಿರಲಿಲ್ಲ. ಆದರೂ ಅವಳ ಒಂದು ಮೊಲೆಯಲ್ಲಿ ರೋಗ ಸದ್ದಿಲ್ಲದೆ ಕುಳಿತಿತ್ತು. ಅದನ್ನು ದಿನಕ್ಕೆರಡು ಸಲ ಚೊಚ್ಚಲು ಹಸುವಾದ ಕಪಿಲೆಗೆ ಹೊತ್ತು ತಂದದ್ದು ನನ್ನ ಹತ್ತು ಬೆರಳುಗಳು.

ಆ ಬಟ್ಟಲಿನ ಪರೀಕ್ಷೆಗೆ ಕ್ಯಾಲಿಫೋರ್ನಿಯಾ ಪರೀಕ್ಷೆ ಎಂದೇ ಹೆಸರು. ಅಮೆರಿಕದ ಶಾಮ್ ಮತ್ತು ನೂರ್ಲ್ಯಾಂಡರ್ ಎಂಬಿಬ್ಬರು 1957ರಲ್ಲಿ ಅದನ್ನು ಪ್ರಕಟಿಸಿದರು. ಅದರ ತತ್ತ್ವ ಬಲು ಸರಳ. ಕೆಚ್ಚಲಿಗೆ ಸೋಂಕು ತಗುಲಿದಾಗ ಹಸುವಿನ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸಿ ಹಾಲಿನಲ್ಲಿ ಸೇರುತ್ತವೆ. ದ್ರಾವಣದಲ್ಲಿರುವುದು ಒಂದು ಬಗೆಯ ಮಾರ್ಜಕ, ಎಂದರೆ ಬಟ್ಟೆ ಒಗೆಯುವ ಪುಡಿಯ ಬಂಧು. ಅದು ಆ ಕಣಗಳ ಕೊಬ್ಬಿನ ಪೊರೆಯನ್ನು ಹರಿಯುತ್ತದೆ. ಒಳಗಿನ ಡಿಎನ್‌ಎ ಎಳೆಗಳು ಹೊರಬಂದು ಒಂದಕ್ಕೊಂದು ಸಿಕ್ಕಿಕೊಂಡು ಹಾಲನ್ನು ಲೋಳೆಯಾಗಿಸುತ್ತವೆ. ಲೋಳೆ ಹೆಚ್ಚಿದಷ್ಟೂ ಕೆಚ್ಚಲಿನೊಳಗಿನ ಹೋರಾಟ ಜೋರಾಗಿದೆ ಎಂದರ್ಥ.

ಈಗ ಕೆಚ್ಚಲಿನ ರಚನೆಯನ್ನು ಸ್ವಲ್ಪ ನೋಡೋಣ. ಹೊರಗೆ ಒಂದೇ ಚೀಲದಂತೆ ಕಂಡರೂ ಒಳಗೆ ನಾಲ್ಕು ಬೇರೆ ಬೇರೆ ಗ್ರಂಥಿಗಳಿವೆ. ಒಂದರ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ಪ್ರತಿ ಮೊಲೆಯ ತುದಿಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಿರುನಾಳವಿದೆ. ಅದರ ಸುತ್ತ ಒಂದು ಸ್ನಾಯುವಿನ ಬಳೆ, ಒಳಗೆ ಮೇಣದಂಥ ಬಿರಡೆ. ಹಾಲು ಕರೆಯದಿರುವಾಗ ಈ ಬಾಗಿಲು ಬಿಗಿಯಾಗಿ ಮುಚ್ಚಿರುತ್ತದೆ. ಕರೆದು ಮುಗಿಸಿದ ಮೇಲೆ ಮಾತ್ರ ಕೂಡಲೇ ಮುಚ್ಚುವುದಿಲ್ಲ. ಅರ್ಧ ಗಂಟೆಯಿಂದ ಒಂದೆರಡು ಗಂಟೆಯವರೆಗೂ ಅದು ಅರೆತೆರೆದೇ ಇರುತ್ತದೆ. ಬ್ಯಾಕ್ಟೀರಿಯಾದ ಗಾತ್ರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು. ಆ ಸಂದು ಅದಕ್ಕೆ ಊರಬಾಗಿಲಿದ್ದಂತೆ.

ಒಳಹೊಕ್ಕ ಮೇಲೆ ಅದಕ್ಕೆ ಹಬ್ಬವೇ ಸರಿ. ಬೆಚ್ಚಗಿನ ಜಾಗ, ಸಕ್ಕರೆ, ಪ್ರೋಟೀನು ಎಲ್ಲವೂ ಸಿದ್ಧ. ಸಗಣಿಯಲ್ಲಿರುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಬೆಳಗ್ಗೆ 5 ಗಂಟೆಗೆ ಒಂದೇ ಒಂದು ಇದ್ದರೆ ಮಧ್ಯಾಹ್ನ 12ಕ್ಕೆ ಎಷ್ಟಾಗುತ್ತದೆ? ಏಳು ಗಂಟೆಯಲ್ಲಿ 21 ಸಲ ಇಮ್ಮಡಿ. ನಿಮ್ಮ ಮಕ್ಕಳಿಗೆ ಲೆಕ್ಕ ಹಾಕಲು ಹೇಳಿ. ಉತ್ತರ 20,97,152. ಹಸುವಿನ ದೇಹ ಸುಮ್ಮನೆ ಕೂರುವುದಿಲ್ಲವಾದ್ದರಿಂದ ನಿಜದಲ್ಲಿ ಲೆಕ್ಕ ಹೀಗೇ ನಡೆಯುವುದಿಲ್ಲ. ಆದರೆ ಬೆಳಗ್ಗೆ ಚೆನ್ನಾಗಿದ್ದ ಹಸುವಿಗೆ ಸಂಜೆಯ ಹೊತ್ತಿಗೆ ಕೆಚ್ಚಲು ಕಲ್ಲಾಗಿ ಜ್ವರ ಬರುವುದು ಹೇಗೆ ಎಂಬುದು ಇದರಿಂದ ತಿಳಿಯುತ್ತದೆ.

ಕೆಚ್ಚಲುಬಾವಿನ ರೋಗಾಣುಗಳಲ್ಲಿ ಮುಖ್ಯವಾಗಿ ಎರಡು ಗುಂಪು. ಇ. ಕೊಲೈನಂಥವು ಸಗಣಿ, ಕೆಸರು, ಒದ್ದೆ ನೆಲದಿಂದ ಬರುತ್ತವೆ. ಸ್ಟೆಫಿಲೋಕಾಕಸ್ ಆರಿಯಸ್‌ನಂಥವು ಸೋಂಕಿದ ಹಸುವಿನ ಕೆಚ್ಚಲಲ್ಲೇ ಮನೆ ಮಾಡಿಕೊಂಡು, ಹಾಲು ಕರೆಯುವವರ ಕೈ ಮತ್ತು ಕೆಚ್ಚಲು ಒರೆಸುವ ಬಟ್ಟೆಯ ಮೂಲಕ ಇನ್ನೊಂದು ಹಸುವಿಗೆ ದಾಟುತ್ತವೆ. ಈ ಎರಡನೆಯದು ಭಾರಿ ಜಿಗುಟು. ಅದು ಜೀವಕೋಶಗಳ ಒಳಗೇ ಅವಿತುಕೊಳ್ಳುತ್ತದೆ, ಸುತ್ತ ನಾರಿನಂಥ ಗಂಟು ಬೆಳೆದು ಕೋಟೆ ಕಟ್ಟಿದಂತಾಗುತ್ತದೆ. ಅಲ್ಲಿಗೆ ಔಷಧ ತಲಪುವುದೇ ಕಷ್ಟ. ಕಪಿಲೆಗೆ ಆದದ್ದೂ ಇದೇ. ಬಾವು ಇಳಿಯಿತು, ಆದರೆ ಆ ಮೊಲೆ ಬತ್ತಿಹೋಯಿತು. ಅವಳೀಗ ಮೂರು ಮೊಲೆಯ ಹಸು.

ಕೈಯೇ ರೋಗವನ್ನು ಹೊತ್ತೊಯ್ಯುತ್ತದೆ ಎಂಬ ಮಾತನ್ನು ಜಗತ್ತು ಸುಲಭವಾಗಿ ಒಪ್ಪಲಿಲ್ಲ. 1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯನಿದ್ದ. ಅಲ್ಲಿ ವೈದ್ಯರು ಮತ್ತು ವಿದ್ಯಾರ್ಥಿಗಳು ಶವ ಕೊಯ್ದು ಪರೀಕ್ಷಿಸಿ, ಅದೇ ಕೈಯಲ್ಲಿ ಹೆರಿಗೆ ಮಾಡಿಸಲು ಬರುತ್ತಿದ್ದರು. ಬಾಣಂತಿಜ್ವರದಿಂದ ತಾಯಂದಿರು ಸಾಯುತ್ತಿದ್ದರು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ನೂರಕ್ಕೆ ಸುಮಾರು 18 ಮಂದಿ ತೀರಿಕೊಂಡರು. ಸಾಬೂನಿನಲ್ಲಿ ತೊಳೆದ ಮೇಲೂ ಕೈಗೆ ಶವದ ವಾಸನೆ ಉಳಿಯುವುದನ್ನು ಗಮನಿಸಿದ ಸೆಮ್ಮೆಲ್‌ವೈಸ್, ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಬರಬೇಕೆಂದು ನಿಯಮ ಮಾಡಿದ. ಜೂನ್ ತಿಂಗಳಲ್ಲಿ ಸಾವು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಆಗಿನ್ನೂ ರೋಗಾಣುವಿನ ಸಿದ್ಧಾಂತ ನೆಲೆಯೂರಿರಲಿಲ್ಲ. "ವೈದ್ಯರ ಕೈಯಿಂದ ರೋಗವೇ?" ಎಂದು ಹಿರಿಯರನೇಕರು ಅವನ ಮಾತನ್ನು ತಳ್ಳಿಹಾಕಿದರು. 1865ರಲ್ಲಿ ಆತ ತೀರಿಕೊಂಡ. ಅದೇ ವರ್ಷ ಜೋಸೆಫ್ ಲಿಸ್ಟರ್ ಗಾಯಗಳಿಗೆ ಕಾರ್ಬಾಲಿಕ್ ಆಮ್ಲ ಬಳಸಲು ತೊಡಗಿದ. ನಾವಿಂದು ಸೆಮ್ಮೆಲ್‌ವೈಸ್‌ನನ್ನು ತಿರಸ್ಕರಿಸಿದವರನ್ನು ಕಂಡು ನಗುತ್ತೇವೆ. ಆದರೆ ಗೌರಿಯ ಕೆಚ್ಚಲಿನಿಂದ ಎದ್ದು ನೇರವಾಗಿ ಕಪಿಲೆಯ ಬಳಿ ಕುಳಿತಾಗ ನಾನೂ ಅವರ ಸಾಲಿನವನೇ ಆಗಿದ್ದೆ.

ಕೈ ತೊಳೆಯುವುದನ್ನು ಶಾಲೆಯಲ್ಲಿ ಕಣ್ಣಾರೆ ತೋರಿಸಲು ನಾನೊಂದು ಪ್ರಯೋಗ ಮಾಡಿಸುತ್ತೇನೆ. ಬೇಯಿಸಿದ ಆಲೂಗಡ್ಡೆಯ ಮೂರು ಹೋಳು, ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಮೂರು ಮುಚ್ಚಳದ ಸೀಸೆಗಳು, ಇಷ್ಟೇ ಸಾಮಗ್ರಿ. ಮೊದಲ ಹೋಳನ್ನು ಆಟ ಮುಗಿಸಿ ಬಂದ ಹುಡುಗ ಹಾಗೆಯೇ ಮುಟ್ಟುತ್ತಾನೆ. ಎರಡನೆಯದನ್ನು ಬರಿ ನೀರಿನಲ್ಲಿ ಕೈ ಅದ್ದಿ ಮುಟ್ಟುತ್ತಾನೆ. ಮೂರನೆಯದನ್ನು ಸಾಬೂನಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಮುಟ್ಟುತ್ತಾನೆ. ಮೂರು ನಾಲ್ಕು ದಿನ ಬಿಟ್ಟು ನೋಡಿದರೆ ಹೋಳುಗಳ ಮೇಲೆ ಚುಕ್ಕೆಗಳು ಏಳುತ್ತವೆ. ಸೀಸೆಯನ್ನು ತೆರೆಯದೆ ಹೊರಗಿನಿಂದಲೇ ನೋಡಬೇಕು, ಆಮೇಲೆ ಕುದಿಸಿ ಹೂಳಬೇಕು. ಹುಡುಗರಿಗೆ ಪ್ರತಿ ಸಲವೂ ಅಚ್ಚರಿ ತರುವುದು ಎರಡನೆಯ ಹೋಳು. ಬರಿ ನೀರಿನಲ್ಲಿ ಕೈ ಅದ್ದಿದ್ದಕ್ಕೂ ಅದ್ದದಿದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣುವುದಿಲ್ಲ. ರಾಬರ್ಟ್ ಕಾಖ್ ಎಂಬ ಮಹಾ ವಿಜ್ಞಾನಿಯೂ ಮೊದಮೊದಲು ಬ್ಯಾಕ್ಟೀರಿಯಾ ಬೆಳೆಸಿದ್ದು ಆಲೂಗಡ್ಡೆಯ ಹೋಳುಗಳ ಮೇಲೆಯೇ. ಆಮೇಲೆ ಫ್ಯಾನಿ ಹೆಸ್ಸೆ ಎಂಬ ಗೃಹಿಣಿಯ ಸಲಹೆಯಿಂದ ಅಗರ್ ಬಳಕೆಗೆ ಬಂತು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವುದು ಅದೇ ವಸ್ತು.

"ಅಷ್ಟೆಲ್ಲ ಯಾಕೆ ಮೇಷ್ಟ್ರೇ, ಕೊಟ್ಟಿಗೆಗೆ ಒಂದು ಬಾಟಲಿ ಫಿನಾಯಿಲ್ ಸುರಿದರೆ ಮುಗೀತಲ್ಲ?" ಎಂದು ಕೇಳುವವರಿದ್ದಾರೆ. ಅವರಿಗಾಗಿ ಇನ್ನೊಂದು ಪ್ರಯೋಗ. ಎರಡು ಗಾಜಿನ ಲೋಟಗಳಲ್ಲಿ ಶುದ್ಧ ನೀರು ತೆಗೆದುಕೊಂಡು, ತಿಳಿ ಗುಲಾಬಿ ಬಣ್ಣ ಬರುವಷ್ಟು ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿ. ಒಂದು ಲೋಟಕ್ಕೆ ಒಂದು ಚಮಚ ಸಗಣಿ ನೀರು ಸೇರಿಸಿ. ಸ್ವಲ್ಪ ಹೊತ್ತಿನಲ್ಲಿ ಆ ಲೋಟದ ಗುಲಾಬಿ ಬಣ್ಣ ಮಾಯವಾಗಿ ನೀರು ಕಂದಾಗುತ್ತದೆ. ರೋಗಾಣುವನ್ನು ಸುಡಬೇಕಾಗಿದ್ದ ರಾಸಾಯನಿಕ ಸಗಣಿಯನ್ನು ಸುಡುವುದರಲ್ಲೇ ಖರ್ಚಾಗಿಹೋಯಿತು. ಬ್ಲೀಚಿಂಗ್ ಪುಡಿಯ ಪಾಡೂ ಇದೇ. ಫಿನಾಯಿಲ್ ಇದಕ್ಕಿಂತ ಸ್ವಲ್ಪ ಗಟ್ಟಿಗ ನಿಜ, ಆದರೆ ಗಟ್ಟಿಯಾಗಿ ಅಂಟಿದ ಸಗಣಿಯ ಅಡಿಯಲ್ಲಿ ಕುಳಿತ ಬ್ಯಾಕ್ಟೀರಿಯಾವನ್ನು ಅದೂ ಮುಟ್ಟಲಾರದು. ಆದ್ದರಿಂದ ಕ್ರಮ ತಪ್ಪಬಾರದು. ಮೊದಲು ಬಳಿದು ತೆಗೆಯಬೇಕು, ಆಮೇಲೆ ತೊಳೆಯಬೇಕು, ನೀರು ಬಸಿದು ಹೋಗಲು ಬಿಡಬೇಕು, ಕೊನೆಗೆ ಔಷಧ ಹಾಕಿ ಅದಕ್ಕೆ ಕೆಲಸ ಮಾಡಲು ಸಮಯ ಕೊಡಬೇಕು. ಕೊಟ್ಟಿಗೆಯ ನೆಲಕ್ಕೆ ಹೇಗೋ ಹಾಗೆ ಕೈಗೂ, ಮೊಲೆಗೂ, ಗಾಯಕ್ಕೂ ಇದೇ ಕ್ರಮ. ಕೊಳೆಯ ಮೇಲೆ ಹಾಕಿದ ಔಷಧ ಹೊಳೆಗೆ ಹಾಕಿದ ಹುಣಿಸೆಹಣ್ಣಿನಂತೆ.

ಡಾಕ್ಟರು ಹೇಳಿಕೊಟ್ಟ ಪದ್ಧತಿಯನ್ನು ಈಗ ನಮ್ಮ ಮನೆಯಲ್ಲಿ ಪಾಲಿಸುತ್ತಿದ್ದೇವೆ. ಮೊದಲು ಸಾಬೂನು ಹಚ್ಚಿ ಉಗುರಿನ ಸಂದಿಯವರೆಗೆ ಕೈ ತೊಳೆಯುವುದು. ಕೆಚ್ಚಲಿಗೆಲ್ಲ ನೀರು ಸುರಿಯದೆ ಮೊಲೆಗಳನ್ನಷ್ಟೇ ತೊಳೆದು, ಒಂದೊಂದು ಹಸುವಿಗೆ ಒಂದೊಂದು ಶುಚಿಯಾದ ಒಣ ಬಟ್ಟೆಯಿಂದ ಒರೆಸುವುದು. ಒದ್ದೆ ಕೆಚ್ಚಲಿನಿಂದ ಇಳಿಯುವ ನೀರು ಮೈಮೇಲಿನ ಬ್ಯಾಕ್ಟೀರಿಯಾಗಳನ್ನೆಲ್ಲ ಮೊಲೆಯ ತುದಿಗೇ ತಂದು ನಿಲ್ಲಿಸುತ್ತದೆ. ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ಗರಣೆ ಇದೆಯೇ ಎಂದು ನೋಡುವುದು. ಆ ಧಾರೆಗಳನ್ನು ಅಂಗೈಗಾಗಲಿ ನೆಲಕ್ಕಾಗಲಿ ಹಿಂಡಬಾರದು. ಬೆರಳನ್ನು ಹಾಲಿನಲ್ಲಿ ಅದ್ದಿಕೊಂಡು ಕರೆಯುವ ಹಳೆಯ ಅಭ್ಯಾಸವನ್ನು ಬಿಡುವುದು. ಹೆಬ್ಬೆರಳು ಮಡಚಿ ಎಳೆಯದೆ ಇಡೀ ಮುಷ್ಟಿಯಲ್ಲಿ ಹಿಡಿದು ಕರೆಯುವುದು. ಆರೋಗ್ಯವಾದ ಹಸುವನ್ನು ಮೊದಲು, ರೋಗದ ಹಸುವನ್ನು ಕೊನೆಗೆ ಕರೆಯುವುದು. ಕರೆದು ಮುಗಿದೊಡನೆ ಮೊಲೆಗಳನ್ನು ಡಾಕ್ಟರು ಹೇಳಿದ ಅಯೋಡಿನ್ ದ್ರಾವಣದಲ್ಲಿ ಅದ್ದುವುದು. ಆಮೇಲೆ ಹಸುವಿನ ಮುಂದೆ ಒಂದು ಹಿಡಿ ಹುಲ್ಲು ಹಾಕುವುದು. ಹುಲ್ಲು ತಿನ್ನುತ್ತ ಅದು ನಿಂತಿದ್ದರೆ, ಮೊಲೆಯ ಬಾಗಿಲು ಮುಚ್ಚುವವರೆಗೆ ನೆಲದ ಸಗಣಿ ಅದಕ್ಕೆ ಸೋಕುವುದಿಲ್ಲ.

ಮೊಲೆ ಅದ್ದುವ ವಿಷಯ ಹೊಸತೇನಲ್ಲ. ಇಂಗ್ಲೆಂಡಿನ ರೆಡಿಂಗ್ ಬಳಿಯ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯವರು 1960ರ ದಶಕದಲ್ಲೇ ಇದನ್ನು ರೈತರ ಕೊಟ್ಟಿಗೆಗಳಲ್ಲಿ ಪರೀಕ್ಷಿಸಿ ನೋಡಿದರು. ಹೊಸ ಸೋಂಕುಗಳು ಸುಮಾರು ಅರ್ಧಕ್ಕರ್ಧ ಕಡಿಮೆಯಾದವು. ಒಂದು ಬಟ್ಟಲು ಅಯೋಡಿನ್ ದ್ರಾವಣ ಮಾಡುವ ಈ ಕೆಲಸವನ್ನು ರೋಗ ಬಂದ ಮೇಲೆ ಯಾವ ದುಬಾರಿ ಇಂಜೆಕ್ಷನ್ನೂ ಮಾಡಲಾರದು.

ಕೆಚ್ಚಲಿನ ಮಾತು ಇಷ್ಟಾಯಿತು. ಕೈಯಂತೆಯೇ ರೋಗ ಸಾಗಿಸುವ ಇನ್ನೊಂದು ವಾಹನ ಸೂಜಿ. ಒಂದು ಹಸುವಿಗೆ ಚುಚ್ಚಿದ ಸೂಜಿಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದರೂ ರೋಗ ದಾಟಲು ಅದು ಸಾಕು. ನಡುವೆ ಸ್ಪಿರಿಟ್ ಹತ್ತಿಯಿಂದ ಸೂಜಿಯನ್ನು ಒರೆಸಿಬಿಟ್ಟರೆ ಆಯಿತೆಂದು ತಿಳಿಯಬೇಡಿ. ಸೂಜಿಯ ಕೊಳವೆಯೊಳಗೆ ಹತ್ತಿ ಹೋಗುವುದಿಲ್ಲ. ಊರಿಗೆ ಲಸಿಕೆ ಹಾಕಲು ಬಂದಾಗ ಪ್ರತಿ ಹಸುವಿಗೂ ಬೇರೆ ಸೂಜಿ ಬಳಸುವಂತೆ ವಿನಯದಿಂದ ಕೇಳುವುದು ನಮ್ಮ ಹಕ್ಕು. ಬಳಸಿದ ಸೂಜಿಯನ್ನು ತಿಪ್ಪೆಗೆ ಎಸೆಯದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ.

ಇನ್ನು ಕೊನೆಯದಾಗಿ, ಹಸುವಿಗಲ್ಲ, ನಮಗೇ ಬರುವ ಅಪಾಯದ ವಿಷಯ. ನನ್ನ ಹಳೆಯ ಶಿಷ್ಯನೊಬ್ಬ ಹಸು ಸಾಕಿಕೊಂಡಿದ್ದಾನೆ. ಅವನ ಹಸುವೊಂದು ಏಳನೆಯ ತಿಂಗಳಲ್ಲಿ ಕಂದು ಹಾಕಿತು. ಕಸ ಬೀಳಲಿಲ್ಲ. ಅವನು ಬರಿಗೈಯಲ್ಲೇ ಅದನ್ನು ಎಳೆದು ತೆಗೆದ. ಕೆಲವು ವಾರಗಳ ಮೇಲೆ ಅವನಿಗೆ ಜ್ವರ ಶುರುವಾಯಿತು. ಬರುತ್ತಿತ್ತು, ಬಿಡುತ್ತಿತ್ತು. ರಾತ್ರಿ ಬೆವರು, ಕೀಲುನೋವು. ಮಲೇರಿಯಾ ಎಂದುಕೊಂಡರು, ಟೈಫಾಯಿಡ್ ಎಂದುಕೊಂಡರು. ತಿಂಗಳುಗಳ ಮೇಲೆ, ಮನೆಯಲ್ಲಿ ಹಸು ಕಂದು ಹಾಕಿತ್ತೇ ಎಂದು ಒಬ್ಬ ವೈದ್ಯರು ಕೇಳಿದ ಮೇಲೆ ಅದು ಬ್ರುಸೆಲ್ಲೋಸಿಸ್ ಎಂದು ಗೊತ್ತಾಯಿತು.

ಈ ರೋಗಾಣುವಿನ ಕಥೆಯೂ ದೊಡ್ಡದು. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಸೈನಿಕರ ಜ್ವರದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. 1897ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬಾಂಗ್ ಹಸುಗಳು ಕಂದು ಹಾಕಲು ಕಾರಣವಾದ ಬ್ಯಾಕ್ಟೀರಿಯಾವನ್ನು ಗುರುತಿಸಿದ. ಇವೆರಡೂ ಹತ್ತಿರದ ಬಂಧುಗಳು ಎಂದು 1918ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಆಲಿಸ್ ಇವಾನ್ಸ್. ಹಸಿ ಹಾಲಿನಿಂದಲೂ ಮನುಷ್ಯರಿಗೆ ರೋಗ ಬರಬಹುದೆಂಬ ಅವರ ಎಚ್ಚರಿಕೆಯನ್ನು ಬಹಳ ಮಂದಿ ನಂಬಲಿಲ್ಲ. 1922ರಲ್ಲಿ ಅವರಿಗೇ ಆ ಸೋಂಕು ತಗುಲಿ, ವರ್ಷಾನುಗಟ್ಟಲೆ ನರಳಿದರು.

ಆದ್ದರಿಂದ ಕಂದು ಹಾಕಿದ ಹಸುವಿನ ಕಸವನ್ನು, ಸತ್ತ ಕರುವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಸ ತೆಗೆಯುವ ಕೆಲಸವನ್ನು ಉದ್ದನೆಯ ಕೈಗವಸು ಹಾಕಿಕೊಳ್ಳುವ ಪಶುವೈದ್ಯರಿಗೆ ಬಿಡಿ. ಗರ್ಭಿಣಿಯರು, ಮಕ್ಕಳು ಹತ್ತಿರ ಸುಳಿಯದಿರಲಿ. ಬಿದ್ದ ಕಸವನ್ನು ನಾಯಿಗೆ ಎಸೆಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಹಾಲನ್ನು ಕಾಯಿಸಿಯೇ ಕುಡಿಯಿರಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆಯಿದೆ, ಜೀವಮಾನಕ್ಕೆ ಒಮ್ಮೆ ಹಾಕಿಸಿದರೆ ಸಾಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಇದನ್ನೂ ಸೇರಿಸಿದ್ದಾರೆ. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ನಮ್ಮ ಮನೆಯ ಕಥೆಗೆ ಮರಳುತ್ತೇನೆ. ಚೀಟಿಯಲ್ಲಿ ಬರೆದಿದ್ದಷ್ಟು ದಿನ ಕಪಿಲೆಯ ಅಷ್ಟೂ ಹಾಲನ್ನು ಗುಂಡಿಗೆ ಸುರಿದೆವು. ಕರುವಿಗೂ ಕೊಡದೆ, ಗೌರಿಯ ಒಳ್ಳೆಯ ಮೊಲೆಗಳ ಹಾಲನ್ನು ಅದಕ್ಕೆ ಕುಡಿಸಿದೆವು. ಡೇರಿಯ ಕಾರ್ಯದರ್ಶಿಯ ಬಳಿ ಹೋಗಿ ಆ ಮೂರು ದಿನದ ವಿಷಯವನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಮೇಷ್ಟ್ರೇ, ಇದನ್ನ ನಾಲ್ಕು ಜನಕ್ಕೆ ನೀವೇ ಹೇಳಿ" ಎಂದರು. ಈ ಲೇಖನ ಬರೆಯಲು ಅದೂ ಒಂದು ಕಾರಣ. ಗೌರಿಯ ಆ ಮೊಲೆಗೆ ಡಾಕ್ಟರು ಅವಳು ಬತ್ತಿದ ಕಾಲದಲ್ಲಿ ಚಿಕಿತ್ಸೆ ಮಾಡುತ್ತೇನೆಂದಿದ್ದಾರೆ. ಅಲ್ಲಿಯವರೆಗೆ ನಮ್ಮ ಕೊಟ್ಟಿಗೆಯಲ್ಲಿ ಅವಳ ಸರದಿ ಕೊನೆಯದು.

ಅವಧಿ ಮುಗಿದ ದಿನ ರಾತ್ರಿ ನನ್ನಾಕೆ ಮತ್ತೆ ಕಪಿಲೆಯ ಹಾಲಿಗೆ ಹೆಪ್ಪು ಹಾಕಿದಳು. ಬೆಳಗ್ಗೆ ಎದ್ದವನೇ ಅಡುಗೆಮನೆಗೆ ಹೋಗಿ ಪಾತ್ರೆಯನ್ನು ಓರೆ ಮಾಡಿ ನೋಡಿದೆ. ಮೊಸರು ಅಲುಗಾಡಲಿಲ್ಲ. "ಮೊದಲು ಕೈ ತೊಳ್ಕೊಂಡು ಬನ್ರೀ" ಎಂದು ಹಿಂದಿನಿಂದ ದನಿ ಕೇಳಿತು.